ಕವಳಿ ಕಂಟಿಗಳ ನಾಲ್ಕನೆಯ ಮೂಲೆ

ಸವಣೂರಿನ ಸ್ಪಂದನಾ ಪಿಎಚ್‌ಡಿಗಾಗಿ ಆಡೂರಿನ ಗುಡ್ಡದಲ್ಲಿ ಕವಳಿ ಹಣ್ಣು ಬಿಡುವ ಮುಳ್ಳುಕಂಟಿಗಳನ್ನು ಅಳೆಯುತ್ತಿದ್ದಳು. ಯಾವ ಕಂಟಿ ಎಲ್ಲಿದೆ, ಅದರ ಹತ್ತಿರದ ಕಂಟಿ ಎಷ್ಟು ದೂರ, ಅವು ಗುಂಪಾಗಿ ಬೆಳೆಯುತ್ತವೆಯೋ ಚೆದುರಿಯೋ, ಇದಿಷ್ಟೇ ಪ್ರಶ್ನೆ. ಟೇಪಿನ ಇನ್ನೊಂದು ತುದಿ ಹಿಡಿಯುವವಳು ಊರಿನ ಉಡಚವ್ವ. ಗುಡ್ಡದ ಮೂರು ಮೂಲೆ ಮುಗಿದವು. ನಾಲ್ಕನೆಯದು ಬರೀ ಮುಳ್ಳು, ಮೇಲೆ ರಣಬಿಸಿಲು. ಉಡಚವ್ವನನ್ನು ಮನೆಗೆ ಕಳಿಸಿ, ಈ ಜಾಣೆ ಬೇವಿನ ನೆರಳಲ್ಲಿ ಕೂತು ಎಂಬತ್ತು ಕಂಟಿಗಳನ್ನು ಕಾಗದದ ಮೇಲೇ ಹುಟ್ಟಿಸಿದಳು. ಯಾರಿಗೂ ಅನುಮಾನ ಬರಬಾರದಲ್ಲ! ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟಳು, ಯಾವುದೂ ಯಾವುದಕ್ಕೂ ತಾಗದ ಹಾಗೆ.

ಸಿಕ್ಕಿಬಿದ್ದದ್ದೇ ಅಲ್ಲಿ. ಗೈಡ್ ಪರಮೇಶ್ವರಪ್ಪನವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹುಬ್ಬೇರಿಸಿದರು.

"ಮೂರು ಮೂಲ್ಯಾಗ ಕಂಟಿ ಒತ್ತೊತ್ತಿ ಅದಾವ. ಇಲ್ಲಿ ನೋಡಿದ್ರ ಮೆಣಸಿನ ಸಸಿ ನಾಟಿ ಮಾಡಿದಂಗ ಐತಿ. ಟೇಪ್ ಹಿಡಿದಾಕಿ ತಪ್ಪು ಮಾಡ್ಯಾಳೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು. ಸುಳ್ಳು ಬಯಲಾದರೆ ನಾಲ್ಕು ವರ್ಷದ ಓದು ಮಣ್ಣುಪಾಲು. "ಇರಬಹುದ್ರೀ ಸರ್," ಎಂದುಬಿಟ್ಟಳು.

ಸೋಮವಾರ ಆ ಮೂಲೆಯನ್ನು ಮತ್ತೆ ಅಳೆಸಲು ಸರ್ ತಾವೇ ಗುಡ್ಡಕ್ಕೆ ಬಂದರು. "ಒಂದು ಟೇಪ್ ಹಿಡಿಯಾಕೂ ಬರಂಗಿಲ್ಲೇನವಾ ನಿನಗ?" ಎಂದು ಉಡಚವ್ವನನ್ನು ಗದರಿದರು. ಸ್ಪಂದನಾ ನೆಲ ನೋಡಿದಳು. ಉಡಚವ್ವ ಒಮ್ಮೆ ಅವಳ ಮುಖ ನೋಡಿದಳು.

"ತಪ್ಪಾತ್ರಿ ಸಾಹೇಬ್ರ. ಸಡ್ಲ ಹಿಡಿದಿದ್ದೆ ಕಾಣ್ತೈತಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಳ್ಳಿನೊಳಗೆ ನುಗ್ಗಿದಳು.

ಸ್ಪಂದನಾ ಹಿಂದೆಯೇ ಹೋದಳು. ದೊಡ್ಡ ಕಂಟಿಯ ಬುಡದಲ್ಲಿ ಐದಾರು ಮರಿಕಂಟಿಗಳು ಒಂದರ ಮೈಮೇಲೊಂದು ಬಿದ್ದು ಬೆಳೆದಿದ್ದವು. ಕಾಗದದ ಮೇಲೆ ಇಂಥದ್ದೊಂದನ್ನೂ ಅವಳು ಬರೆದಿರಲಿಲ್ಲ. ಉಡಚವ್ವನ ಮೊಳಕೈ ಗೀರಿ ರಕ್ತ ಬರುತ್ತಿತ್ತು.

"ಯಾಕ ಹಂಗಂದ್ರಿ?" ಸ್ಪಂದನಾ ಪಿಸುಗುಟ್ಟಿದಳು. "ನೀವು ಈ ಮೂಲಿಗೆ ಬಂದೇ ಇಲ್ಲಲ್ಲ."

"ಗೊತ್ತೈತ್ರಿ ಅಕ್ಕಾರ. ಓದೋರು ನೀವು, ನಿಮ್ಮ ಹೆಸರು ಕೆಡಬಾರದು. ನನ್ನ ಹೆಸರು ಯಾರು ಬರೀತಾರ, ತಗೋರಿ. ಎಷ್ಟೈತಿ ನೋಡ್ರಿ, ಬರಕೋರಿ."

ಉಡಚವ್ವ ಬೈದಿದ್ದರೆ ಸ್ಪಂದನಾ ತಡೆದುಕೊಳ್ಳುತ್ತಿದ್ದಳು. ಹುಟ್ಟಿದ ಮೇಲೆ ಇಷ್ಟು ನಾಚಿಕೆ ಅವಳಿಗೆ ಎಂದೂ ಆಗಿರಲಿಲ್ಲ. ಪೆನ್ಸಿಲು ಹಿಡಿದ ಕೈ ಮುಂದೆ ಹೋಗಲಿಲ್ಲ. ಎದ್ದು ನಿಂತು, ಬೇವಿನ ನೆರಳಲ್ಲಿದ್ದ ಸರ್‌ಗೆ ಕೇಳುವಂತೆ ಕೂಗಿದಳು.

"ಸರ್, ಉಡಚವ್ವ ಈ ಮೂಲಿಗೆ ಬಂದೇ ಇಲ್ರೀ. ನಾನೂ ಬಂದಿಲ್ಲ."