ಅಲ್ಲಾಡ್ತಾ ಇರು ಅಕ್ಕ

ಗುಳ್ಳೆ ಮತ್ತೆ ಎಡಕ್ಕೆ ಜಾರಿತು, ಟ್ರೈಪಾಡಿನ ತಲೆಯ ಮೇಲೆ ಮಟ್ಟ ನೋಡುವ ಹಸಿರು ನೀರಿನ ಗುಳ್ಳೆ, ನಡುಗೆರೆಗೆ ತಂದು ನಿಲ್ಲಿಸಿದರೂ ನಿಲ್ಲುವುದಿಲ್ಲ, ನೆಲ ವಾಲಿದೆಯೋ ನಾನೇ ವಾಲಿದ್ದೇನೋ — ಬೆಳಗಿನಿಂದ ಮಹಡಿ ಹತ್ತಿ ಇಳಿದ ಸೊಂಟಕ್ಕೆ ನೇರ ಯಾವುದು ವಾರೆ ಯಾವುದು ಎಂಬ ವಿವೇಚನೆ ಉಳಿದಿಲ್ಲ, ಲಿಫ್ಟಿನ ಕರೆಂಟು ಕಿತ್ತಿದ್ದಾರೆ, ದೀಪದ್ದೂ ಕಿತ್ತಿದ್ದಾರೆ, ಪಾರಂಪರಿಕ ಕಟ್ಟಡವಂತೆ, ಕಟ್ಟಿದವರು ಎಂದೋ ಪಾರು, ಕೆಡವುವವರೂ ಪಾರು, ನಡುವೆ ಕ್ಯಾಮೆರಾ ಹೊತ್ತವಳದು ಮಾತ್ರ ಪರದಾಟ. ಕೆಡವುವ ಮೊದಲು ಪ್ರತಿ ಕೋಣೆ, ಪ್ರತಿ ಮೆಟ್ಟಿಲು, ಪ್ರತಿ ಚಿಲಕ ಫೋಟೋದಲ್ಲಿ ದಾಖಲಾಗಬೇಕು, ಗೋಡೆಗೆ ಕಪ್ಪು ಬಿಳುಪಿನ ಅಳತೆ ಕೋಲು ಒರಗಿಸಬೇಕು, ಕಂಬಗಳು ನೆಟ್ಟಗೆ ಕಾಣಬೇಕು, ಆಮೇಲೆ ಏನನ್ನೂ ತಿದ್ದುವಂತಿಲ್ಲ, ಮುಖ್ಯವಾಗಿ ಚಿತ್ರದಲ್ಲಿ ಜನ ಇರಬಾರದು ಮೇಡಂ ಆಯ್ತಲ್ವಾ, ಒಬ್ಬರು ಕಂಡ್ರೂ ಜಾಗ ಖಾಲಿಯಾಗಿಲ್ಲ ಅಂತಾಗತ್ತೆ, ಕೆಡವೋ ಅನುಮತಿ ನಿಂತ್ಹೋಗತ್ತೆ ಆಯ್ತಲ್ವಾ — ಹೊಸ ಕಟ್ಟಡ ಎಬ್ಬಿಸಲಿರುವ ಇಂಜಿನಿಯರ್, ನಾನು ಮನಸ್ಸಿನಲ್ಲೇ ಆಯ್ತಲ್ವಾ ಸಾಹೇಬ ಎಂದು ನಾಮಕರಣ ಮಾಡಿದವನು, ಮೂಗಿನಿಂದ ಹೊರಟು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅವನ ಆಯ್ತಲ್ವಾವನ್ನು ನಿನ್ನೆ ಅಕ್ಕನ ಮುಂದೆ ಅಂದು ತೋರಿಸಿದೆ, ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಕೇಳಿದಳು, ಹಾಗಾದ್ರೆ ನನ್ನ ಅಂಗಡಿ ಖಾಲಿ ಅಂತ ಸಾಕ್ಷಿ ಹೇಳೋಳು ನೀನೇನಾ?

ನಾನೇ. ನಾನು ಒಲ್ಲೆ ಎಂದಿದ್ದರೆ ಇನ್ನೊಬ್ಬ ಬರುತ್ತಿದ್ದ, ಕಂಬಗಳನ್ನು ವಾರೆ ಮಾಡುತ್ತಿದ್ದ, ಇದು ನಾನು ನನಗೆ ಹೇಳಿಕೊಂಡ ಸಮಾಧಾನ, ಎರಡು ಸಲ ಹೇಳಿಕೊಂಡರೆ ಅದೂ ವಾರೆಯಾಗುತ್ತದೆ. ಕಟ್ಟಡದ ಕಟ್ಟಕಡೆಯ ಫೋಟೋ, ಕಟ್ಟಕಡೆಯ ಕೋಣೆ, ಅಕ್ಕನ ಹೊಲಿಗೆ ಅಂಗಡಿ. ಗಡಿಯಾರ ರಿಪೇರಿಯವರು ಹೋದರು, ಕನ್ನಡಕದವರು ಹೋದರು, ಟೈಪಿಂಗ್ ಕ್ಲಾಸಿನವರು ಬೋರ್ಡು ಸಮೇತ ಹೋದರು, ಬಟ್ಟೆಯಲ್ಲಿ ಮರೆತ ಸೂಜಿಯ ಹಾಗೆ ಅಕ್ಕನೊಬ್ಬಳು ಉಳಿದಳು, ಬಂದವರಿಗೆಲ್ಲ ಚುಚ್ಚಿದಳು, ಕಡೆಗೆ ಹೋದ ವಾರ, ಸಾಕಾಯ್ತು ಕಣೇ, ಹೊಸ ಕಟ್ಟಡದಲ್ಲಿ ಜಾಗ ಕೊಡ್ತಾರಂತೆ, ಅಷ್ಟೊತ್ತಿಗೆ ಸೂಜಿಗೆ ದಾರ ಪೋಣಿಸೋಕೆ ನಂಗೆ ಕಣ್ಣಿರಬೇಕಲ್ಲ, ಅಂದಳು. ಮೆಷಿನ್ನು ಈಗ ನನ್ನ ಮನೆಯ ಹಜಾರದಲ್ಲಿದೆ, ಮುಸುಕು ಹಾಕಿಕೊಂಡು ಕೂತ ನೆಂಟರ ಹಾಗೆ, ಇಲ್ಲಿ ನೆಲದ ಮೇಲೆ ಅದರ ಕಾಲಿನ ನಾಲ್ಕು ಗುಂಡಿ, ಹಲಗೆ ಸಂದಿಯಲ್ಲಿ ದಾರದ ತುಂಡುಗಳು, ಕೆಂಪು, ನೀಲಿ, ಯಾರದೋ ಮದುವೆ ರವಿಕೆಯ ಜರಿ, ಕನ್ನಡಿ ತೆಗೆದ ಜಾಗದಲ್ಲಿ ಗೋಡೆ ಇನ್ನೂ ಹೊಸದು. ಬೀಗದ ಕೈ ಮಾತ್ರ ಅವಳ ಸೊಂಟದಲ್ಲೇ. ಫೋಟೋ ಆದ ಕೂಡಲೇ ಕೆಳಗೆ ನಿಂತ ಆಯ್ತಲ್ವಾ ಸಾಹೇಬನ ಕೈಗೆ ಹಾಕಬೇಕು, ಸೋಮವಾರ ಕೆಡವುವ ಯಂತ್ರ ಬರುತ್ತದೆ.

ಆಚೆ ಹೋಗು ಅಕ್ಕ ಎಂದೆ, ಹೊರಗೆ ನಿಲ್ಲು. ಹೊರಗೆ ಎಲ್ಲೇ ನಿಲ್ಲಲಿ, ಅಂದಳು, ಮೊಗಸಾಲೆ ಹಲಗೆ ಕಿತ್ತಿದ್ದಾರೆ, ನೀನು ಆಡು ಹಾಗೆ ಹಾರ್ಕೊಂಡು ಬಂದೆ, ನಾನು ಗೋಡೆ ಹಿಡ್ಕೊಂಡು ಬಂದೆ, ನಂಗೆ ಮೆಟ್ಟಿಲು ಇನ್ನೊಂದು ಸಲ ಇಳಿದು ಹತ್ತೋಕಾಗಲ್ಲ, ಮಂಡಿ ಏನು ನಿಂದಾ. ನನ್ನದೇನು ಕಮ್ಮಿಯೇ, ಒಬ್ಬಳ ಮಂಡಿ ಕಟಕ್ ಎಂದರೆ ಇನ್ನೊಬ್ಬಳದು ಕುಟುಕ್ ಎನ್ನುತ್ತದೆ, ಕ್ಯಾಮೆರಾ ಹಿಂದಿನ ಮೂಲೆಯಲ್ಲಿ ನನಗೇ ಜಾಗ ಸಾಲದು, ಸರಿ ಇಲ್ಲೇ ಇರು, ಆದರೆ ಅಲ್ಲಾಡ್ತಾ ಇರು. ಬೆಳಕು ಕಮ್ಮಿ, ಲೆನ್ಸಿನ ಕಿಂಡಿ ಸಣ್ಣ ಮಾಡಿ ಶಟರ್ ತೆರೆದಿಟ್ಟರೆ ಕ್ಯಾಮೆರಾ ಕೋಣೆಯನ್ನು ನಿಧಾನವಾಗಿ, ಬಿಸಿ ಕಾಫಿ ಕುಡಿದ ಹಾಗೆ ಕುಡಿಯುತ್ತದೆ, ನಿಂತದ್ದೆಲ್ಲ ಉಳಿಯುತ್ತದೆ, ನಡೆದಾಡುವುದು ಒಂದೂ ಉಳಿಯುವುದಿಲ್ಲ, ಗೋಡೆ ಉಳಿಯುತ್ತದೆ, ಮೊಳೆ ಉಳಿಯುತ್ತದೆ, ಮನುಷ್ಯಳು ಮಾಯ. ಅಕ್ಕ ಸೊಂಟಕ್ಕೆ ಕೈ ಕೊಟ್ಟು ನೋಡಿದಳು. ಚಿಕ್ಕೋಳಿದ್ದಾಗೆಲ್ಲ ಅಲ್ಲಾಡಬೇಡ ಅಲ್ಲಾಡಬೇಡ ಅಂತ ನಾನು ಬಾಯಿ ಬಡ್ಕೋತಿದ್ದೆ, ಈಗ ನೀನು ನಂಗೆ ಅಲ್ಲಾಡು ಅಂತೀಯ, ಗಿರಗಿಟ್ಲೆ.

ಗಿರಗಿಟ್ಲೆ — ಅವಳಲ್ಲದೆ ಈಗ ಆ ಹೆಸರಿನಿಂದ ಕರೆಯುವವರು ಇಲ್ಲ. ಶಾಲೆಗೆ ಸೇರುವ ಮುಂಚೆ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು, ಅವಳೇ ಹೊಲಿದ ಫ್ರಾಕು, ಕಂಕುಳಲ್ಲಿ ಚುಚ್ಚುತ್ತಿತ್ತು, ಹಿಂದೆ ಅವಳು ನಿಂತು ನನ್ನ ಭುಜದ ಮೇಲೆ ಕೈ ಒತ್ತಿ ಹಿಡಿದಳು, ಅಲ್ಲಾಡಬೇಡ, ಕರಿ ಬಟ್ಟೆಯೊಳಗಿನಿಂದ ಫೋಟೋದವರು ಸ್ಮೈಲ್ಲ್ಲ್ ಎಂದರು, ನಾನು ತಕ್ಷಣ ತಿರುಗಿ ಅವಳಿಗೆ ಸ್ಮೈಲ್ಲ್ಲ್ ಎಂದು ತೋರಿಸಿದೆ, ಅಷ್ಟರಲ್ಲಿ ಕ್ಲಿಕ್ಕು. ಆ ಫೋಟೋದಲ್ಲಿ ನನ್ನ ಮುಖ ಇರಬೇಕಾದ ಕಡೆ ಕಡೆದ ಮೊಸರು. ಭುಜದ ಮೇಲಿನ ಕೈ ಮಾತ್ರ ಸ್ಪಷ್ಟ, ಉಗುರಿನ ಅಂಚೂ ಕಾಣುತ್ತದೆ, ನಡುಬೆರಳಿಗೆ ಸೂಜಿ ತಾಗದಿರಲೆಂದು ಹಾಕುವ ತಗಡಿನ ಟೋಪಿ, ತೆಗೆಯಲು ಮರೆತಿದ್ದಳು, ಅದರ ತುದಿಯಲ್ಲಿ ಬೆಳಕಿನ ಒಂದು ಚುಕ್ಕೆ.

ಶಟರ್ ತೆರೆದೆ. ನಡಿ ಅಕ್ಕ. ಗೋಡೆಯಿಂದ ಬಾಗಿಲಿಗೆ ನಡೆದಳು, ಬಾಗಿಲಿನಿಂದ ಮೆಷಿನ್ನಿನ ಗುಂಡಿಗಳ ಕಡೆಗೆ, ಇಲ್ಲದ ಮೆಷಿನ್ನನ್ನು ಬಳಸಿಕೊಂಡು ಹೋದಳು, ಕಾಲು ತಾಗೀತೆಂದು ಸೀರೆ ಎತ್ತಿ ಹಿಡಿದು — ನಾನು ನಗಲಿಲ್ಲ, ನಕ್ಕರೆ ಟ್ರೈಪಾಡು ನಡುಗುತ್ತದೆ, ಅದು ನೆಪ. ಎಷ್ಟು ಕಟ್ಟಡ ತೆಗೆದೆ, ಎಷ್ಟು ಮೆಟ್ಟಿಲು, ತೆಗೆದ ಒಂದಾದರೂ ನಿಂತಿದೆಯೇ, ಫೋಟೋ ತೆಗೆಯುವುದು ಎನ್ನುತ್ತೇವೆ, ಕಟ್ಟಡವನ್ನೇ ತೆಗೆದುಬಿಡುತ್ತಾರೆ, ಹಣೆಗೆ ಕೈಹಚ್ಚಿ ಜ್ವರ ನೋಡುವ ಡಾಕ್ಟರಲ್ಲ ನಾನು, ಹೆಣ ತೊಳೆಯುವವಳು, ಚೆನ್ನಾಗಿ ತೊಳೆಯುತ್ತೇನೆ ಎಂದು ಎಲ್ಲರೂ ಕರೆಯುತ್ತಾರೆ. ಸಾಕಾ, ಅಂದಳು ಅಕ್ಕ. ಇನ್ನೊಂಚೂರು. ಕಿಟಕಿ ಹತ್ತಿರ ಹೋದಳು, ಬರೀ ಒಂದು ನೆರಳು ಅತ್ತಿತ್ತ ತೂಗುತ್ತಿತ್ತು, ನೋವಿನ ಕಾಲಿನಿಂದ ಇನ್ನೊಂದು ನೋವಿನ ಕಾಲಿಗೆ, ನಾನು ಗುಳ್ಳೆ ನೋಡುತ್ತಿದ್ದೆ, ಗುಳ್ಳೆ ನಡುಗೆರೆಯಲ್ಲಿತ್ತು. ಶಟರ್ ಮುಚ್ಚಿತು.

ಪರದೆಯ ಮೇಲೆ ಕೋಣೆ ಬಂತು. ನೆಟ್ಟಗಿನ ಕಂಬ, ಅಳತೆ ಕೋಲು, ನೆಲದ ನಾಲ್ಕು ಗುಂಡಿ, ಖಾಲಿ, ಒಬ್ಬರೂ ಇಲ್ಲ, ಅಕ್ಕ ಎಲ್ಲೂ ಇಲ್ಲ, ತಲೆಯೆತ್ತಿ ಕೋಣೆಯೊಳಗೆ ಹುಡುಕಿದೆ, ಇವಳು ನಿಜಕ್ಕೂ — ಆಮೇಲೆ ಕಿಟಕಿ. ದೊಡ್ಡದು ಮಾಡಿ ನೋಡಿದೆ. ಮೈಯಿಲ್ಲ, ಮುಖವಿಲ್ಲ, ಸೀರೆಯ ಅಂಚೂ ಇಲ್ಲ, ಕಿಟಕಿಯ ಸರಳನ್ನು ಹಿಡಿದ ಒಂದು ಕೈ. ಸುಸ್ತಾಯ್ತು ಕಣೇ, ಕಡೇಲಿ ಒಂಚೂರು ಹಿಡ್ಕೊಂಡೆ, ಕಂಡ್ನಾ? ಅಂದಳು, ಕನ್ನಡಿಯಿದ್ದ ಗೋಡೆಯ ಕಡೆ ಮುಖ ಮಾಡಿಕೊಂಡು. ಕಂಡಿದ್ದಾಳೆ. ತಿದ್ದುವಂತಿಲ್ಲ, ಮತ್ತೆ ತೆಗೆಯಬಹುದು, ಮತ್ತೆ ನಡಿ ಅಕ್ಕ ಎನ್ನಬಹುದು, ನಡೆಯುತ್ತಾಳೆ, ಅಷ್ಟು ಹೇಳಿದ ಮಾತು ಕೇಳುವವಳು ಈಗ. ಇಲ್ಲವೇ ಹೀಗೇ ಕೊಟ್ಟುಬಿಡಬಹುದು, ಕಚೇರಿಯಲ್ಲಿ ಯಾರಾದರೂ ಕನ್ನಡಕ ಏರಿಸಿ ಇದೇನಿದು ಎನ್ನುತ್ತಾರೆ, ಸೋಮವಾರ ಜಾರುತ್ತದೆ, ಎಷ್ಟು ದಿನಕ್ಕೋ, ಆಮೇಲೆ ಬೇರೊಬ್ಬನನ್ನು ಕಳಿಸುತ್ತಾರೆ, ನನ್ನನ್ನು ಇನ್ನೆಲ್ಲಿಗೂ ಕಳಿಸುವುದಿಲ್ಲ, ಮಂಡಿಗೂ ಒಳ್ಳೆಯದೇ. ಕೆಳಗಿನಿಂದ ಮೂಗಿನ ದನಿ ಹತ್ತಿ ಬಂತು, ಮೇಡಂ, ಆಯ್ತಲ್ವಾ?

ಆಯ್ತು, ಎಂದೆ, ಅವನದೇ ಮೂಗಿನಿಂದ, ಅಕ್ಕ ಫಕ್ಕನೆ ನಕ್ಕಳು. ಬೀಗದ ಕೈ ಬಿಚ್ಚಲು ಸೊಂಟ ತಡಕುತ್ತಿದ್ದಳು. ಅದನ್ನ ಇಟ್ಕೋ, ಎಂದೆ. ಯಾಕೇ? ಇಟ್ಕೋ ಅಂದ್ನಲ್ಲ. ಕೂತ್ಕೋ ಬಾ ಒಂದು ಗಳಿಗೆ, ಅಲ್ಲಾಡಬೇಡ ಇನ್ನು. ಅವಳು ಏನೋ ಕೇಳಿದಳು, ನಾನೇನೋ ಹೇಳಿದೆ, ಕ್ಯಾಮೆರಾ ಮಡಚಬೇಕು, ಕೋಲು ತೆಗೆಯಬೇಕು, ಮೆಟ್ಟಿಲು — ಮೆಟ್ಟಿಲು ಆಮೇಲೆ — ಕಣ್ಣು ಪರದೆಯಿಂದ ಏಳುತ್ತಿಲ್ಲ, ಖಾಲಿ ಕೋಣೆ, ಕಿಟಕಿ, ಸರಳು, ಸರಳಿನ ಸುತ್ತ ಕೈ, ನಡುಬೆರಳಿನಲ್ಲಿ ತಗಡಿನ ಟೋಪಿ, ಇವತ್ತೂ ತೆಗೆಯಲು ಮರೆತಿದ್ದಾಳೆ, ತುದಿಯಲ್ಲಿ ಬೆಳಕಿನ ಚುಕ್ಕೆ, ಕೈ, ಸರಳು, ಕೈ