ನಕ್ಷೆಯಲ್ಲಿ ಮೀನಿಲ್ಲದ ಜಾಗ

"ದೂರ ನಿಂತು ಮಾತಾಡಮ್ಮ, ನಾತ ತಡಿಯೋಕಾಗ್ತಿಲ್ಲ," ಎಂದು ಗಾಳಿಯಂತ್ರದ ಕಂಪನಿಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದ.

ನಮ್ಮತ್ತೆ ಎರಡು ಹೆಜ್ಜೆ ಮುಂದೆ ಹೋಗಿಯೇ ನಿಂತಳು. "ನಿನ್ನೆ ಮಧ್ಯಾಹ್ನ ಮೀನು ಸಾರು ಬೆರಳು ಚೀಪ್ಕೊಂಡು ತಿಂದ್ಯಲ್ಲ, ಇದೇ ನಾತ ಕಣಪ್ಪ."

ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿತ್ತು. ಅದರಲ್ಲಿ ನೂರು ಕೆಂಪು ಚುಕ್ಕಿ, ಚುಕ್ಕಿಗೊಂದು ಗಾಳಿಯಂತ್ರ. ಎಲ್ಲವೂ ಬಿದ್ದಿದ್ದು ನಾವು ಬಲೆ ಬಿಡುವ ಜಾಗದಲ್ಲೇ. ಯಂತ್ರ ನೆಟ್ಟ ಮೇಲೆ ಅಲ್ಲಿಗೆ ದೋಣಿ ಬಿಡುವುದಿಲ್ಲವಂತೆ. ಆ ಜಾಗ ಹೋದರೆ ದೋಣಿಗಳನ್ನು ಸೀಳಿ ಒಲೆಗೆ ಹಾಕುವುದಷ್ಟೇ ಬಾಕಿ.

"ನಮ್ಮ ತಪ್ಪೇನು?" ಎಂದ ಅಧಿಕಾರಿ. "ಹೋದ ವರ್ಷ ಸರ್ವೆಯವರು ಮನೆಮನೆಗೂ ಬಂದು ಕೇಳಿದ್ರು. ಅಲ್ಲಿ ಒಂದು ಮೀನೂ ಇಲ್ಲ ಅಂದೋರು ನೀವೇ. ನೋಡಿ, ನಿಮ್ದೇ ಹೆಬ್ಬೆಟ್ಟು."

ನಿಜ. ಬಲೆ ಬಿಡುವ ಜಾಗವನ್ನು ಹೊರಗಿನವರಿಗೆ ಹೇಳುವ ಪೆದ್ದ ನಮ್ಮ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ. ಬೇರೆ ಊರಿನ ನನಗೆ ಅತ್ತೆ ತನ್ನ ಮಗಳನ್ನು ಕೊಟ್ಟಳು. ಆ ಜಾಗ ತೋರಿಸಿದ್ದು ಮಾತ್ರ ಮೂರು ವರ್ಷ ಕಳೆದ ಮೇಲೆ. ಸರ್ವೆಯವರಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು, ಅಲ್ಲಿ ಬರೀ ಕೆಸರು ಸ್ವಾಮಿ.

"ಸುಳ್ಳು ಹೇಳಿದ್ವಿ ಸಾರ್," ಎಂದ ಅತ್ತೆಯ ಹಿರಿಮಗ, ನನ್ನ ಭಾವ.

"ಕಳ್ ನನ್ಮಕ್ಳಾ!" ಅಧಿಕಾರಿ ನಕ್ಕು ಪೆನ್ನು ಚಾಚಿದ. "ಈಗಲಾದ್ರೂ ನಿಜ ಹೇಳಿ. ಎಲ್ಲಿ ಹಿಡೀತೀರೋ ಗೆರೆ ಎಳೀರಿ. ಸಂಜೆಗೆ ನಕ್ಷೆ ಮೇಲಕ್ಕೆ ಹೋಗುತ್ತೆ."

ಗೆರೆ ಎಳೆದರೆ ಜಾಗ ಎಲ್ಲರಿಗೂ ಗೊತ್ತಾಗಿ, ನಾಳೆಯೇ ಮೀನು ಹಿಡಿಯುವ ದೊಡ್ಡ ಹಡಗುಗಳು ಬಂದು ತಳ ಗುಡಿಸಿ ಹೋಗುತ್ತವೆ. ಎಳೆಯದಿದ್ದರೆ ಯಂತ್ರ. ಭಾವ ಪೆನ್ನು ತೆಗೆದುಕೊಂಡ. ಅವನ ಕೈ ಹೋಗಿ ನಿಂತಿದ್ದು ಏಡಿಯೂ ಸುಳಿಯದ ಬಂಡೆಗಳ ಮೇಲೆ. ಸುಳ್ಳು ಹೇಳಿ ಹೇಳಿ ಅಭ್ಯಾಸ! ನನಗೆ ಅಳುವೂ ನಗುವೂ ಒಟ್ಟಿಗೆ ಬಂತು.

"ಮುಂಡೇದೇ, ಕೊಡಿಲ್ಲಿ," ಎಂದು ಅತ್ತೆ ಪೆನ್ನು ಕಿತ್ತುಕೊಂಡಳು.

ಮುಷ್ಟಿಯಲ್ಲಿ ಹಿಡಿದು ದಡದಿಂದಲೇ ಗೀಚತೊಡಗಿದಳು. ಬಂಡೆ ಹೋಯಿತು, ಕೆಸರು ಹೋಯಿತು, ನೂರು ಚುಕ್ಕಿಯೂ ಮಸಿಯಡಿ ಮುಳುಗಿದವು.

"ಏಯ್, ಅದು ಪೂರ್ತಿ ಸಮುದ್ರ ಆಯ್ತಲ್ಲಮ್ಮ!" ಅಧಿಕಾರಿ ನಕ್ಷೆಯ ಅಂಚನ್ನು ಅಂಗೈಯಲ್ಲಿ ಒತ್ತಿ ಹಿಡಿದ.

ಅತ್ತೆ ನಿಲ್ಲಿಸಲಿಲ್ಲ. ಕಾಗದ ಮುಗಿಯಿತು. ಪೆನ್ನು ಅವನ ಬೆರಳು ದಾಟಿ, ಬಿಳಿ ಅಂಗಿಯ ತೋಳಿಗೆ ಹತ್ತಿತು.

"ಕೈ ತೆಗಿಯೋ ಬೇವರ್ಸಿ," ಎಂದಳು. "ಸಮುದ್ರ ಇನ್ನೂ ಇದೆ."