ಬೇಲಿ ಪಕ್ಕದ ಸಾಲು

"ಜಾಗ ನೋಡುವಾಗ ಊರವರ ಹತ್ರ ಮಾತಾಡೋ ಹಾಗಿಲ್ಲ, ನೆನಪಿರಲಿ," ಎಂದು ವ್ಯಾನಿನಿಂದ ಇಳಿಯುವ ಮೊದಲೇ ಯೋಜನಾ ಅಧಿಕಾರಿ ಕ್ರಿಸ್ಪಿನ್ ಎಚ್ಚರಿಸಿದ. ರಬ್ಬರ್ ಬೂಟು ತೊಟ್ಟ ಕೌನ್ಸಿಲ್ ಸದಸ್ಯರೆಲ್ಲ ಮೌನವ್ರತ ಹಿಡಿದವರಂತೆ, ಹೊಸ ಮನೆಗಳು ಏಳಬೇಕಿದ್ದ ಹುಲ್ಲುಗಾವಲಿಗೆ ನಡೆದರು. ಹಿಂದೆ ಯೋಜನಾ ಸಮಿತಿಯ ಅಧ್ಯಕ್ಷೆ ಗ್ಲೆನಿಸ್.

ಗೇಟಿನ ಬಳಿ ಮುದುಕಿ ಹಿಲ್ಡಾ ಕಾದು ನಿಂತಿದ್ದಳು. ಜೀವಮಾನವಿಡೀ ಇಲ್ಲೇ ಕುರಿ ಮೇಯಿಸಿದವಳು. ಅವಳು ಬಾಯಿ ತೆರೆದದ್ದೇ ತಡ, ಕ್ರಿಸ್ಪಿನ್ ಕೈ ಅಡ್ಡ ಹಿಡಿದ.

"ನಿಮ್ಮ ರೂಲ್ಸಿಗಿಷ್ಟು ಬೆಂಕಿ ಹಾಕ!" ಎಂದು ಗೊಣಗಿ ಮುದುಕಿ ಕೋಲೆತ್ತಿ ಬೇಲಿಯನ್ನು ತೋರಿಸಿದಳು.

ಉಳಿದವರು ನಕ್ಷೆಯಲ್ಲಿ ಮುಳುಗಿದ್ದರು. ಗ್ಲೆನಿಸ್ ಒಬ್ಬಳೇ ತಿರುಗಿ ನೋಡಿದಳು. ಸಂಜೆಯ ಬಿಸಿಲೆಲ್ಲ ಬೇಲಿಯ ಮೇಲೇ ಬಿದ್ದಿತ್ತು. ಮುಳ್ಳುಕೊಂಬೆಗಳಲ್ಲಿ ಹೊಳೆಯ ಜೊಂಡು ಸಿಕ್ಕಿಕೊಂಡು ಒಣಗಿತ್ತು, ಸರಿಯಾಗಿ ಅವಳ ಭುಜದೆತ್ತರಕ್ಕೆ. ನೆರೆ ನೀರೇ ಅದನ್ನು ಇಲ್ಲಿಗೆ ತಂದಿರಬೇಕು. ಹೊಳೆಯೆಲ್ಲಿ, ಈ ಬೇಲಿಯೆಲ್ಲಿ!

"ನಕ್ಷೆ ಪ್ರಕಾರ ಇಲ್ಲಿಗೆ ನೆರೆ ಬರೋದೇ ಇಲ್ಲ," ಎಂದ ಕ್ರಿಸ್ಪಿನ್. "ಮನೆ ಕಟ್ಟಿ, ಮನೆ ಕಟ್ಟಿ ಅಂತ ಸರ್ಕಾರ ಕತ್ತಿನ ಮೇಲೆ ಕೂತಿದೆ. ಹೊಸ ಕಾನೂನು ಬಂದ ಮೇಲೆ ಸುಮ್ಮಸುಮ್ಮನೆ ಬೇಡ ಅನ್ನೋಕಾಗಲ್ಲ. ಏನಾದ್ರೂ ಕಂಡ್ರೆ ಹೇಳಿ, ಬರ್ಕೋತೀನಿ."

ಗ್ಲೆನಿಸ್ ಹೇಳಲಿಲ್ಲ. ಅವಳ ಮಗಳು ಟ್ಯಾಮ್ಸಿನ್ ಎರಡು ಮಕ್ಕಳನ್ನು ಕಟ್ಟಿಕೊಂಡು, ಮನೆಯಿಲ್ಲದವರನ್ನು ಇಡುವ ಹೋಟೆಲಿನ ಒಂದೇ ಕೋಣೆಯಲ್ಲಿ ಏಗುತ್ತಿದ್ದಳು. ಗೋಡೆಯ ಬೂಷ್ಟಿಗೆ ಕೂಸು ಸದಾ ಕೆಮ್ಮುತ್ತಿತ್ತು; ಇಲ್ಲಿ ಮನೆಗಳೆದ್ದರೆ ಅವಳಿಗೂ ಒಂದು ಸಿಗಬಹುದು.

ಮರುದಿನ ಸಭೆಯಲ್ಲಿ ಮತ ಸಮಸಮ ಬಿತ್ತು. ಇನ್ನು ಅಧ್ಯಕ್ಷೆಯ ಮತವೇ ಕೊನೆಯ ಮಾತು. ಬೇಲಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮನೆಗಳ ಪರವಾಗಿ ಕೈ ಎತ್ತಿದಳು.

ಮೆಟ್ಟಿಲು ಇಳಿಯುವಷ್ಟರಲ್ಲಿ ಮಗಳ ಫೋನು. "ಅಮ್ಮಾ, ಪಾಸಾಯ್ತಂತೆ! ಹೊಸ ಮನೆಗಳ ಚಿತ್ರ ನೋಡ್ತಾ ಕೂತಿದೀನಿ. ಬೇಲಿ ಪಕ್ಕದ ಸಾಲು ಎಷ್ಟು ಚೆನ್ನಾಗಿದೆ! ಅಲ್ಲೇ ಒಂದು ಮನೆ ಕೇಳ್ತೀನಿ."

"ಅಲ್ಲಿ ಬೇಡ ಕಣೇ. ರಸ್ತೆ ಪಕ್ಕ, ಎತ್ತರದಲ್ಲಿ ಕೇಳು."

"ಯಾಕಮ್ಮಾ?"

"ಬೇಲಿ ಕಡೆ ಬಿಸಿಲೇ ಬೀಳಲ್ಲ."

"ಅಯ್ಯೋ, ಹೌದಾ? ಪಕ್ಕದ ಕೋಣೆ ರೋವೆನಾ ಅದೇ ಸಾಲು ಬೇಕು ಅಂತ ಕುಣೀತಿದಾಳೆ, ಪಾಪ. ಅವಳಿಗೂ ಹೇಳ್ಲಾ?"

ಗ್ಲೆನಿಸ್ ಕಂಬಿ ಹಿಡಿದು ನಿಂತಳು. ಫೋನಿನಲ್ಲಿ ಮೊಮ್ಮಗು ಕೆಮ್ಮಿತು. ಅದರ ಹಿಂದೆಯೇ, ಗೋಡೆಯಾಚೆಯಿಂದ, ಇನ್ನೊಂದು ಮಗು ಕೆಮ್ಮಿತು.

"ಅಮ್ಮಾ? ಕೇಳಿಸ್ತಿದೆಯಾ?"